ಎರಡು ಕ್ವಿಂಟಾಲ್ ಹೊಂಗೆ ಬೀಜದ ಲೆಕ್ಕ

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರ ಸ್ತ್ರೀಶಕ್ತಿ ಸಂಘದವರು ನನ್ನ ಕೈಗೆ ಒಂದು ಬಣ್ಣದ ಹಾಳೆ ಕೊಟ್ಟರು. ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ಸಣ್ಣ ಘಟಕ ಮಾರಲು ಬಂದವರು ಬಿಟ್ಟುಹೋದ ಹಾಳೆ ಅದು. ‘ಒಂದು ಪಾಲು ಶಕ್ತಿ ಹಾಕಿ, 25 ಪಾಲು ಪಡೆಯಿರಿ’ ಎಂದು ಮೇಲ್ಗಡೆಯೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಘಟಕ ಕೊಳ್ಳಲು ಬ್ಯಾಂಕ್ ಸಾಲ ಎತ್ತಬೇಕು, ಸಾಲದ ಕಾಗದಕ್ಕೆ ಹದಿನಾಲ್ಕು ಜನ ಹೆಣ್ಣುಮಕ್ಕಳು ಸಹಿ ಹಾಕಬೇಕು. ಸಂಘದ ಅಧ್ಯಕ್ಷೆ ಕೇಳಿದ್ದು ಒಂದೇ ಮಾತು: ‘ಸಾರ್, ಒಂದ್ ಹಾಕಿದ್ರೆ ಇಪ್ಪತ್ತೈದು ಬರೋ ಹಂಗಿದ್ರೆ, ಈ ಮರ ನಮ್ ತಾತನ ಕಾಲದಿಂದ್ಲೂ ಇಲ್ಲೇ ಐತಲ್ಲ, ಇಷ್ಟ್ ದಿನ ಯಾರೂ ಯಾಕ್ ಮಾಡ್ಲಿಲ್ಲ?’

ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪಾಠ ಮಾಡುವವನು. ಆ ಪ್ರಶ್ನೆಯನ್ನೇ ಕೊನೆ ವರ್ಷದ ಮೂವರು ವಿದ್ಯಾರ್ಥಿಗಳ ಪ್ರಾಜೆಕ್ಟ್ ಮಾಡಿದೆ. ಹೊಂಗೆ ಎಣ್ಣೆಯಲ್ಲಿ ಎಂಜಿನ್ ಓಡುತ್ತದೋ ಇಲ್ಲವೋ ಎಂಬುದು ನಮ್ಮ ಪ್ರಶ್ನೆ ಆಗಿರಲಿಲ್ಲ. ಅದು ಓಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಎರಡು ದಶಕಗಳ ಹಿಂದೆಯೇ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ನೀರೆತ್ತಿಸಿ ತೋರಿಸಿದ್ದರು. ನಮಗೆ ಬೇಕಾಗಿದ್ದು ಬೇರೆ: ಒಂದು ಲೀಟರ್ ಎಣ್ಣೆ ಕೈಗೆ ಬರುವಷ್ಟರಲ್ಲಿ ಎಷ್ಟು ಲೀಟರಿನ ಶಕ್ತಿ ಖರ್ಚಾಗಿರುತ್ತದೆ, ಕೊನೆಗೆ ಉಳಿಯುವುದೆಷ್ಟು?

ಈ ಲೆಕ್ಕಕ್ಕೆ ಇಆರ್‌ಒಐ ಎನ್ನುತ್ತಾರೆ. ಹೂಡಿದ ಶಕ್ತಿಗೆ ಬಂದ ಶಕ್ತಿಯ ಅನುಪಾತ. ಅಮೆರಿಕದ ಪರಿಸರ ವಿಜ್ಞಾನಿ ಚಾರ್ಲ್ಸ್ ಹಾಲ್ ಈ ವಿಚಾರವನ್ನು ಬೆಳೆಸಿದವರು. ಅವರಿಗೆ ಇದು ಹೊಳೆದದ್ದು ಎಣ್ಣೆ ಬಾವಿಯ ಬಳಿ ಅಲ್ಲ, ನಾರ್ತ್ ಕ್ಯಾರೊಲಿನಾದ ಒಂದು ಹಳ್ಳದಲ್ಲಿ ಮೀನುಗಳ ವಲಸೆಯನ್ನು ಅಳೆಯುವಾಗ. ಈಜಿ ಹೋಗಲು ಮೀನು ಕಳೆದುಕೊಳ್ಳುವ ಶಕ್ತಿಗಿಂತ ಅಲ್ಲಿ ಸಿಗುವ ಮೇವಿನ ಶಕ್ತಿ ಹೆಚ್ಚಿದ್ದರೆ ಮಾತ್ರ ಆ ಪ್ರಯಾಣಕ್ಕೆ ಅರ್ಥ. ಮೀನಿಗೆ ಹೇಳಿದ ಮಾತು ಎಣ್ಣೆ ಕಂಪನಿಗೂ ಸಲ್ಲುತ್ತದೆ, ಹದಿನಾಲ್ಕು ಹೆಣ್ಣುಮಕ್ಕಳ ಸಂಘಕ್ಕೂ ಸಲ್ಲುತ್ತದೆ.

ಮರದ ಬುಡದಿಂದ ಗಾಣದವರೆಗೆ

ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬರುವ ಹೊತ್ತಿಗೆ ಹೊಂಗೆ ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊಲದ ಬದುವಿನಲ್ಲಿ, ರಸ್ತೆಯ ಎರಡೂ ಬದಿಯಲ್ಲಿ ನಿಂತ ಮರಗಳಿಗೆ ಉದ್ದ ಕೋಲಿನಿಂದ ಬಡಿದು, ಕೆಳಗೆ ಹಾಸಿದ ಹಳೇ ಸೀರೆ, ತಾಡಪಾಲಿನ ಮೇಲೆ ಬಿದ್ದದ್ದನ್ನು ಗೋರಿ ಚೀಲಕ್ಕೆ ತುಂಬುತ್ತಾರೆ. ಒಣಗಿಸಿ ಕಣದಲ್ಲಿ ಬಡಿದರೆ ಕಾಯಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಬೀಜ, ಅರ್ಧ ಸಿಪ್ಪೆ. ನಾವು ತೂಗಿದ್ದು ನಾಲ್ಕು ಕ್ವಿಂಟಾಲ್ ಕಾಯಿ. ಸಿಕ್ಕಿದ್ದು ಎರಡು ಕ್ವಿಂಟಾಲ್ ಬೀಜ. ಆರಿಸಲು 80 ಗಂಟೆ, ಬಡಿದು ಕೇರಲು 40 ಗಂಟೆ ದುಡಿಮೆ ಹಿಡಿಯಿತು. ವಿದ್ಯಾರ್ಥಿನಿಯೊಬ್ಬಳು ವಾಚ್ ನೋಡಿಕೊಂಡು, ನೀರು ಕುಡಿಯಲು, ಮಗುವಿಗೆ ಹಾಲೂಡಿಸಲು ಕೂತ ಹೊತ್ತನ್ನು ಕಳೆದು ಬರೆದ ಗಂಟೆಗಳು ಇವು.

ಬೀಜವನ್ನು ಲಗೇಜ್ ಆಟೋದಲ್ಲಿ ಚಳ್ಳಕೆರೆಗೆ ಒಯ್ದೆವು. ತೈಲ ನಗರಿ ಎಂದು ಹೆಸರಾದ ಊರು ಅದು, ಶೇಂಗಾ ಎಣ್ಣೆಯಿಂದ ಆ ಹೆಸರು ಗಳಿಸಿದ್ದು. ಆದರೆ ಶೇಂಗಾ ಹಾಕುವ ಯಂತ್ರಕ್ಕೆ ಯಾರೂ ಹೊಂಗೆ ಸೋಕಿಸುವುದಿಲ್ಲ. ಕಹಿ ಹತ್ತಿದರೆ ಮುಂದಿನ ಎಣ್ಣೆಯೆಲ್ಲ ಕೆಟ್ಟೀತು. ಬೇವು, ಹೊಂಗೆ ಹಾಕಲು ಬೇರೆ ಎಕ್ಸ್‌ಪೆಲ್ಲರ್ ಇಟ್ಟುಕೊಂಡ ಗಾಣವನ್ನೇ ಹುಡುಕಬೇಕಾಯಿತು. ಹೋಗಿ ಬರಲು 70 ಕಿಲೋಮೀಟರ್, 5 ಲೀಟರ್ ಡೀಸೆಲ್.

ಗಾಣದಲ್ಲಿ ಕಳೆದ ಅರ್ಧ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೊದಲ ಸುತ್ತಿನಲ್ಲಿ ಬೀಜ ಬರೀ ಪುಡಿಯಾಗಿ ಬೆಚ್ಚಗಾಗುತ್ತದೆ, ಎಣ್ಣೆ ಬೆವರಿನಂತೆ ಅಲ್ಲೊಂದು ಇಲ್ಲೊಂದು ಹನಿ. ಎರಡನೇ ಸುತ್ತಿಗೆ ಕಂದುಗೆಂಪು ದಾರ ಇಳಿಯಲು ಶುರು. ಮೂರನೆಯದಕ್ಕೆ ಹಿಂಡಿ ಗಟ್ಟಿ ಹಪ್ಪಳದಂತೆ ಚೂರು ಚೂರಾಗಿ ಬೀಳುತ್ತದೆ, ಅದನ್ನು ಮುರಿದು ಮೂಗಿಗೆ ಹಿಡಿದು ‘ಇನ್ನು ಇದ್ರಲ್ಲಿ ಏನೂ ಇಲ್ಲ’ ಎಂದು ಗಾಣದವರು ತೀರ್ಪು ಕೊಡುತ್ತಾರೆ. ಕೊನೆಗೆ ತೂಕಕ್ಕೆ ಬಂದದ್ದು 50 ಕೆಜಿ ಎಣ್ಣೆ, ಅಳತೆಯಲ್ಲಿ 54 ಲೀಟರ್. ಹಿಂಡಿ 145 ಕೆಜಿ. ಉಳಿದದ್ದು ಗಸಿ ಮತ್ತು ತೇವ. ಮೀಟರ್ ಓಡಿದ್ದು 20 ಯೂನಿಟ್.

25 ಕರಗಿದ ಬಗೆ

ಹೊಂಗೆ ಎಣ್ಣೆ ಕೆಜಿಗೆ ಸುಮಾರು 37 ಮೆಗಾಜೂಲ್ ಶಾಖ ಕೊಡುತ್ತದೆ. 50 ಕೆಜಿಗೆ 1,850 ಮೆಗಾಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 3.6 ಮೆಗಾಜೂಲ್, 20 ಯೂನಿಟ್‌ಗೆ 72. ಭಾಗಿಸಿ ನೋಡಿ: 25.7. ಹಾಳೆಯಲ್ಲಿದ್ದ 25 ಇಲ್ಲಿಯದೇ! ಅದು ಸುಳ್ಳಲ್ಲ. ಗಾಣದ ಬಾಗಿಲಿನ ಒಳಗೆ ನಿಂತು ಮೀಟರನ್ನು ಮಾತ್ರ ನೋಡಿದರೆ ಕಾಣುವ ಸಂಖ್ಯೆ ಅದು. ನಮ್ಮ ಹುಡುಗರ ಮೊದಲ ಹಾಳೆಯಲ್ಲೂ ಇದೇ ಬಂದಿತ್ತು, ಏಕೆಂದರೆ ಆಟೋದ ಡೀಸೆಲ್ಲನ್ನು ಅವರು ‘ಖರ್ಚು’ ಎಂದು ರೂಪಾಯಿಯ ಹಾಳೆಯಲ್ಲಿ ಬರೆದಿದ್ದರು, ಶಕ್ತಿಯ ಹಾಳೆಯಲ್ಲಿ ಬರೆದಿರಲಿಲ್ಲ.

ಒಂದೊಂದೇ ಬಾಗಿಲು ದಾಟಿ ಹೊರಗೆ ಬಂದೆವು. ಮೊದಲು ವಿದ್ಯುತ್. ರಾಯಚೂರಿನಲ್ಲೋ ಬಳ್ಳಾರಿಯ ಕುಡತಿನಿಯಲ್ಲೋ ಕಲ್ಲಿದ್ದಲು ಉರಿದು ಕರೆಂಟ್ ಆಗುವಾಗ ಶಾಖದ ಮೂರನೇ ಎರಡು ಭಾಗ ಹಬೆಯಾಗಿ, ಬಿಸಿನೀರಾಗಿ ಹೋಗುತ್ತದೆ. ನಮ್ಮ ದೇಶದ ಕೃಷಿ ಎಂಜಿನಿಯರಿಂಗ್ ಅಧ್ಯಯನಗಳಲ್ಲಿ ದಶಕಗಳಿಂದ ಬಳಸುವ ಕೋಷ್ಟಕ ಅದಕ್ಕೇ ಯೂನಿಟ್ ಒಂದಕ್ಕೆ 11.93 ಮೆಗಾಜೂಲ್ ಹಿಡಿಯುತ್ತದೆ. ಆಗ 20 ಯೂನಿಟ್‌ಗೆ 239, ಅನುಪಾತ 25ರಿಂದ 7.7ಕ್ಕೆ ಬಿತ್ತು. ಒಬ್ಬ ವಿದ್ಯಾರ್ಥಿ ತಕರಾರು ತೆಗೆದ: ‘ಸಾರ್, ಜೋಗಿಮಟ್ಟಿ ಮೇಲೆ ಗಾಳಿಯಂತ್ರ ತಿರುಗ್ತಾ ಇವೆಯಲ್ಲ, ನಮ್ಮ ಕರೆಂಟಿಗೆ ಕಲ್ಲಿದ್ದಲು ಯಾಕೆ ಹಚ್ಚಬೇಕು?’ ಒಳ್ಳೆಯ ಪ್ರಶ್ನೆ. ಆದರೆ ತಂತಿಯೊಳಗೆ ಗಾಳಿಯ ಯೂನಿಟ್ ಬೇರೆ, ಕಲ್ಲಿದ್ದಲಿನ ಯೂನಿಟ್ ಬೇರೆ ಎಂದು ಹರಿಯುವುದಿಲ್ಲ. ಎಲ್ಲರಿಗೂ ಅನ್ವಯಿಸುವ ಕೋಷ್ಟಕವನ್ನೇ ಇಟ್ಟುಕೊಂಡೆವು, ಹಾಗೆ ಇಟ್ಟುಕೊಂಡಿದ್ದೇವೆಂದು ಹಾಳೆಯ ಮೇಲೇ ಬರೆದೆವು.

ಆಮೇಲೆ ಡೀಸೆಲ್. ಅದೇ ಕೋಷ್ಟಕದಲ್ಲಿ ಲೀಟರಿಗೆ 56.31 ಮೆಗಾಜೂಲ್, 5 ಲೀಟರಿಗೆ 282. ಒಟ್ಟು ಹಾಕಿದ್ದು 521 ಆಯಿತು, ಅನುಪಾತ 3.55. ಗಾಣದ ಮೋಟಾರಿಗಿಂತ ಆಟೋ ಹೆಚ್ಚು ತಿಂದಿತ್ತು. ಇದನ್ನು ನಾವು ಯಾರೂ ನಿರೀಕ್ಷಿಸಿರಲಿಲ್ಲ.

ಕೊನೆಗೆ ದುಡಿಮೆ. ಕೋಷ್ಟಕದ ಪ್ರಕಾರ ಗಂಡಾಳಿನ ಒಂದು ಗಂಟೆಗೆ 1.96 ಮೆಗಾಜೂಲ್, ಹೆಣ್ಣಾಳಿಗೆ 1.57. ಇದನ್ನು ಸಂಘದ ಸಭೆಯಲ್ಲಿ ಓದಿದಾಗ ಹಿಂದೆ ಕೂತಿದ್ದ ಹಿರಿಯ ಹೆಂಗಸು ಕೈಯೆತ್ತಿ ನಿಲ್ಲಿಸಿದರು. ‘ಕೋಲ್ ಬಡ್ದಿದ್ದು ನಾವು, ಗೋರಿದ್ದು ನಾವು, ಚೀಲ ಹೊತ್ತಿದ್ದು ನಾವು. ನಮ್ ಗಂಟೆ ಯಾಕಪ್ಪ ಸಣ್ಣದು?’ ನನ್ನಲ್ಲಿ ಉತ್ತರ ಇರಲಿಲ್ಲ. ಸರಾಸರಿ ದೇಹತೂಕದ ಮೇಲೆ ಕಟ್ಟಿದ ಅಂಕಿ ಎಂದು ಹೇಳಬಹುದಿತ್ತು. ಆದರೆ ನಾಲ್ಕು ಕ್ವಿಂಟಾಲ್ ಕಾಯಿಯನ್ನು ನೆಲದಿಂದ ಚೀಲಕ್ಕೆ, ಚೀಲದಿಂದ ಕಣಕ್ಕೆ ಸಾಗಿಸಿದ ಕೈಗಳ ಮುಂದೆ ಆ ಮಾತು ಆಡಲು ಮನಸ್ಸು ಬರಲಿಲ್ಲ. ಎರಡೂ ಬಗೆಯಲ್ಲಿ ಲೆಕ್ಕ ಹಾಕಿದೆವು. 1.57 ಹಿಡಿದರೆ 120 ಗಂಟೆಗೆ 188 ಮೆಗಾಜೂಲ್, ಒಟ್ಟು 709, ಅನುಪಾತ 2.6. ಗಂಡಾಳಿನ ಅಂಕಿ ಹಿಡಿದರೆ 2.4. ಉಳಿದ ಅಧ್ಯಯನಗಳ ಜೊತೆ ಹೋಲಿಸಲು ಅನುಕೂಲವೆಂದು 2.6ನ್ನು ಮುಂದಕ್ಕೆ ಒಯ್ದೆ. ನ್ಯಾಯವಾದದ್ದು 2.4 ಎಂದೇ ನನ್ನ ಅಭಿಪ್ರಾಯ.

ಈವರೆಗೆ ಬರೀ ಎಣ್ಣೆ. ಮಾರಲು ಬಂದಿದ್ದ ಘಟಕದ ಕೆಲಸ ಇನ್ನು ಮುಂದಿನದು. ಎಣ್ಣೆಗೆ ಅದರ ಐದನೇ ಒಂದು ಪಾಲಿನಷ್ಟು ಮೆಥನಾಲ್, ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ 60 ಡಿಗ್ರಿ ದಾಟಿ ಬಿಸಿ ಮಾಡಿ ಕಲಕಬೇಕು, ಗ್ಲಿಸರಿನ್ ತಳಕ್ಕಿಳಿದ ಮೇಲೆ ತೊಳೆದು ನೀರಾರಿಸಬೇಕು. 54 ಲೀಟರಿಗೆ 11 ಲೀಟರ್ ಮೆಥನಾಲ್, ಅಂದರೆ 8.7 ಕೆಜಿ. ಕೆಜಿಗೆ 20 ಮೆಗಾಜೂಲ್ ಅದರೊಳಗೇ ಇದೆ. ನೈಸರ್ಗಿಕ ಅನಿಲದಿಂದ ಅದನ್ನು ತಯಾರಿಸುವಾಗ ಆಗುವ ನಷ್ಟ ಸೇರಿಸಿ ಒಂದೂವರೆ ಪಟ್ಟು ಹಿಡಿದರೆ 261 ಮೆಗಾಜೂಲ್. ಬಿಸಿ ಮಾಡಲು, ಕಲಕಲು, ಒಣಗಿಸಲು 8 ಯೂನಿಟ್, 95 ಮೆಗಾಜೂಲ್. ಹಾಕಿದ್ದು ಒಟ್ಟು 1,065ಕ್ಕೆ ಏರಿತು. ಕೈಗೆ ಬಂದದ್ದು 50 ಲೀಟರ್ ಬಯೋಡೀಸೆಲ್, ಲೀಟರಿಗೆ 33ರಂತೆ 1,650 ಮೆಗಾಜೂಲ್. ಅನುಪಾತ 1.55. ಹಳೇ ದಾಸ್ತಾನಿನ ಬೀಜವಾದರೆ ಎಣ್ಣೆಯಲ್ಲಿ ಆಮ್ಲ ಹೆಚ್ಚಿ ಇನ್ನೊಂದು ಸುತ್ತು ಮೆಥನಾಲ್ ಬೇಕಾಗುತ್ತದೆ, ಆಗ ಇದಕ್ಕಿಂತಲೂ ಕೆಳಗೆ.

ಸಿಪ್ಪೆಯ ಪ್ರಶ್ನೆ

ಘಟಕದವರಿಗೆ ಫೋನ್ ಮಾಡಿ ಈ ಲೆಕ್ಕ ಓದಿ ಹೇಳಿದೆ. ‘ಕರೆಂಟ್ ಯಾಕೆ ಸಾರ್, ಹೊಂಗೆ ಸಿಪ್ಪೆ ಇದೆಯಲ್ಲ, ಅದನ್ನೇ ಉರಿಸಿ ಬಿಸಿ ಮಾಡಿ. ಪುಕ್ಕಟೆ’ ಎಂದರು. ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಆ ‘ಪುಕ್ಕಟೆ’ ಎಂಬ ಮಾತಿನಲ್ಲಿದೆ.

ಎರಡು ಕ್ವಿಂಟಾಲ್ ಸಿಪ್ಪೆಗೆ ಕೆಜಿಗೆ 15 ಮೆಗಾಜೂಲ್ ಹಿಡಿದರೂ 3,000 ಮೆಗಾಜೂಲ್ ಆಗುತ್ತದೆ. ಎಣ್ಣೆಗಿಂತ ಹೆಚ್ಚು! 8 ಯೂನಿಟ್ಟಿನ ಶಾಖ ತೆಗೆಯಲು ಸಾಮಾನ್ಯ ಒಲೆಯಲ್ಲಿ 20 ಕೆಜಿ ಸಿಪ್ಪೆ ಸಾಕು. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅನುಪಾತ 1.7ಕ್ಕೆ ಏರುತ್ತದೆ. ಹಿಡಿದರೆ 1.3ಕ್ಕೆ ಇಳಿಯುತ್ತದೆ. ಎಣ್ಣೆ ಅದೇ, ಒಲೆ ಅದೇ. ಹಾಗಾದರೆ ಯಾವುದು ಸರಿ?

ಇದೇ ಪ್ರಶ್ನೆ ಅಮೆರಿಕದ ಆಯಿಲ್ ಶೇಲ್ ವಿಷಯದಲ್ಲಿ ದಶಕಗಳಿಂದ ಇದೆ. ಕೊಲರಾಡೊ, ಯೂಟಾ, ವಯೋಮಿಂಗ್ ರಾಜ್ಯಗಳ ಕೆಳಗೆ ಹಬ್ಬಿರುವ ಗ್ರೀನ್ ರಿವರ್ ಶಿಲಾಪದರದಲ್ಲಿ ಕೆರೋಜೆನ್ ಎಂಬ ವಸ್ತು ಹುದುಗಿದೆ. ಅದು ಇನ್ನೂ ಎಣ್ಣೆಯಾಗಿಲ್ಲ. ಭೂಮಿ ಲಕ್ಷಾಂತರ ವರ್ಷ ಬೇಯಿಸಿ ಮಾಡಬೇಕಿದ್ದ ಕೆಲಸವನ್ನು ಮನುಷ್ಯ ಬೆಂಕಿ ಕೊಟ್ಟು ಮಾಡಬೇಕು. ಶೆಲ್ ಕಂಪನಿ ನೆಲದಲ್ಲಿ ರಂಧ್ರ ಕೊರೆದು, ವಿದ್ಯುತ್ ಹೀಟರ್ ಇಳಿಸಿ, ಬಂಡೆಯನ್ನು ವರ್ಷಗಟ್ಟಲೆ ಕಾಯಿಸುವ ಪ್ರಯೋಗ ಮಾಡಿತು, 2013ರಲ್ಲಿ ಅದನ್ನು ಕೈಬಿಟ್ಟಿತು. ಬಂಡೆಯೊಳಗಿನ ಇಂಧನದಲ್ಲೇ ಒಂದಿಷ್ಟನ್ನು ಉರಿಸಿ ಉಳಿದದ್ದನ್ನು ತೆಗೆಯುವ ವಿಧಾನಗಳೂ ಇವೆ. ಹಾಗೆ ಉರಿದದ್ದು ಖರ್ಚೋ ಅಲ್ಲವೋ? ಕಟ್ಲರ್ ಕ್ಲೀವ್‌ಲ್ಯಾಂಡ್ ಮತ್ತು ಪೀಟರ್ ಓಕಾನರ್ 2011ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರು. ತನ್ನೊಳಗಿನದನ್ನೇ ಉರಿಸಿದ ಶಕ್ತಿಯನ್ನೂ ಖರ್ಚೆಂದು ಹಿಡಿದರೆ ಆಯಿಲ್ ಶೇಲ್‌ನ ಅನುಪಾತ 1 ಮತ್ತು 2ರ ನಡುವೆ ಬರುತ್ತದೆಂದರು. ನಮ್ಮ ಬಯೋಡೀಸೆಲ್ಲಿನ 1.55 ಆ ಸಾಲಿನಲ್ಲೇ ಹೋಗಿ ಕೂತದ್ದನ್ನು ನೋಡಿ ಹುಡುಗರು ಗರಬಡಿದವರಂತಾದರು.

ಕೆನಡಾದ ಆಲ್ಬರ್ಟಾದ ಕಥೆ ಸ್ವಲ್ಪ ಬೇರೆ. ಅಲ್ಲಿ ಮರಳಿಗೆ ಅಂಟಿಕೊಂಡ ಬಿಟುಮೆನ್ ಡಾಂಬರಿನಷ್ಟು ಗಟ್ಟಿ. ಆಳದಲ್ಲಿರುವುದನ್ನು ಕರಗಿಸಲು ಹಬೆ ಇಳಿಸುತ್ತಾರೆ. ಒಂದು ಬ್ಯಾರೆಲ್ ಬಿಟುಮೆನ್‌ಗೆ ಸುಮಾರು ಮೂರು ಬ್ಯಾರೆಲ್ ನೀರಿನ ಹಬೆ, ಅದನ್ನು ಕಾಯಿಸಲು ಸುಮಾರು 1,000 ಘನ ಅಡಿ ನೈಸರ್ಗಿಕ ಅನಿಲ. ಬ್ಯಾರೆಲ್ಲಿನಲ್ಲಿ 6,100 ಮೆಗಾಜೂಲ್ ಆಸುಪಾಸು, ಅಷ್ಟು ಅನಿಲದಲ್ಲಿ 1,070. ಹೀಗೆ ಬರೀ ಅನಿಲವನ್ನು ಹಿಡಿದರೆ ಅನುಪಾತ ಐದೂವರೆ ದಾಟುತ್ತದೆ. ಪೈಪಿನಲ್ಲಿ ಹರಿಯಲೆಂದು ತೆಳು ಮಾಡುವುದು, ರಿಫೈನರಿಗೆ ಒಗ್ಗುವ ಕಚ್ಚಾ ಎಣ್ಣೆಯಾಗಿ ಬದಲಿಸುವುದು ಸೇರಿದಂತೆಲ್ಲ ಅದೂ ಇಳಿಯುತ್ತದೆ. ಅಮೆರಿಕದ ಬಕ್ಕನ್‌ನಂಥ ಕಡೆ ಬಂಡೆ ಸೀಳಿ ತೆಗೆಯುವ ಎಣ್ಣೆಗೆ ಈ ಕಾಯಿಸುವ ಖರ್ಚಿಲ್ಲ, ಹಾಗಾಗಿ ಅದರ ಸ್ಥಿತಿ ಎಷ್ಟೋ ಮೇಲು. ಅಲ್ಲಿನ ತೊಡಕು ಸಮಯದ್ದು. ಕೊರೆಯುವ, ಸೀಳುವ ಖರ್ಚೆಲ್ಲ ಮೊದಲೇ, ಉತ್ಪಾದನೆಯೋ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಕೆಳಗೆ ಇಳಿದು ಆಮೇಲೆ ವರ್ಷಗಟ್ಟಲೆ ತೊಟ್ಟಿಕ್ಕುತ್ತದೆ. ಒಂದೇ ವರ್ಷವನ್ನು ಕತ್ತರಿಸಿ ತೂಗಿದರೆ ಸಿಗುವುದು ತಪ್ಪು ಲೆಕ್ಕ.

ಸಿಪ್ಪೆಗೆ ಮರಳುತ್ತೇನೆ. ಬಂಡೆಯೊಳಗೆ ಉರಿದ ಕೆರೋಜೆನ್ ಬೇರೆ ಯಾರ ಒಲೆಗೂ ಹೋಗುತ್ತಿರಲಿಲ್ಲ, ಆದ್ದರಿಂದ ಅದು ಖರ್ಚಲ್ಲ ಎಂದು ವಾದಿಸುವವರಿಗೆ ನಿಲ್ಲಲು ಒಂದು ನೆಲೆಯಾದರೂ ಇದೆ. ನಮ್ಮ ಹಳ್ಳಿಯಲ್ಲಿ ಅದೂ ಇಲ್ಲ. ಹೊಂಗೆ ಸಿಪ್ಪೆ ಬಚ್ಚಲ ಒಲೆಗೆ ಹೋಗುತ್ತದೆ. ಅದನ್ನು ಘಟಕದಲ್ಲಿ ಉರಿಸಿದರೆ ಹಂಡೆ ಕಾಯಿಸಲು ಯಾರೋ ಒಬ್ಬ ಹೆಣ್ಣುಮಗಳು ಜಾಲಿ ಕಡಿಯಲು ಗುಡ್ಡಕ್ಕೆ ಹೋಗಬೇಕು. ಅದು ಪುಕ್ಕಟೆ ಅಲ್ಲ. ನಾನು 1.3ನ್ನೇ ಬರೆದೆ.

ಹಿಂಡಿಯ ವಿಷಯದಲ್ಲಿ ಮಾತ್ರ ಲೆಕ್ಕ ನಮ್ಮ ಕಡೆಗೆ ವಾಲಿತು. 145 ಕೆಜಿ ಹಿಂಡಿಯಲ್ಲಿ ಸುಮಾರು ಶೇಕಡ 4ರಷ್ಟು ಸಾರಜನಕ, ಅಂದರೆ 5.8 ಕೆಜಿ. ಕಾರ್ಖಾನೆಯ ಸಾರಜನಕಕ್ಕೆ ಕೆಜಿಗೆ 60.6 ಮೆಗಾಜೂಲ್ ಬೇಕು. ಅಷ್ಟು ಯೂರಿಯಾ ಉಳಿದರೆ 351 ಮೆಗಾಜೂಲ್ ಉಳಿದಂತೆ. ಬರೀ ಎಣ್ಣೆಯ ಲೆಕ್ಕಕ್ಕೆ ಅದನ್ನು ಸೇರಿಸಿದರೆ 2.6 ಇದ್ದದ್ದು 3.1 ಆಗುತ್ತದೆ. ದಾಳಿಂಬೆ ಗಿಡದ ಬುಡಕ್ಕೆ ಹಿಂಡಿ ಹಾಕುವ ಮನೆಗಳಿಗೆ ಇದು ಕಾಗದದ ಮಾತಲ್ಲ, ನಿಜವಾದ ಉಳಿತಾಯ. ಸಮಾಜ ನಡೆಯಲು ಇಂಧನದ ಅನುಪಾತ ಬಾವಿಯ ಬಾಯಲ್ಲೇ ಕನಿಷ್ಠ 3 ಇರಬೇಕೆಂದು ಹಾಲ್ ಮತ್ತು ಜೊತೆಗಾರರು 2009ರಲ್ಲಿ ಬರೆದಿದ್ದರು. ನಾವು ಆ ಗೆರೆಯ ಮೇಲೆಯೇ ನಿಂತಿದ್ದೆವು.

ಐವತ್ತನಾಲ್ಕು ಬಾಟಲಿ

ಅನುಪಾತದ ಮಾತು ಸಭೆಯಲ್ಲಿ ನಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಅದಕ್ಕೆ ಇನ್ನೊಂದು ಕಾರಣವೂ ಇದೆ: ಅನುಪಾತ ಕಣ್ಣನ್ನು ಮೋಸ ಮಾಡುತ್ತದೆ. 25ರಿಂದ 10ಕ್ಕೆ ಇಳಿದರೆ ಭಾರಿ ಕುಸಿತದಂತೆ ಕಾಣುತ್ತದೆ. ಆದರೆ ನೂರರಲ್ಲಿ 96 ಉಳಿಯುತ್ತಿದ್ದ ಕಡೆ 90 ಉಳಿಯುತ್ತದೆ, ಅಷ್ಟೆ. 3ರಿಂದ 1.5ಕ್ಕೆ ಇಳಿಯುವುದು ಕಾಗದದ ಮೇಲೆ ಸಣ್ಣದು. ಉಳಿಕೆ ಮಾತ್ರ 67ರಿಂದ 33ಕ್ಕೆ, ಅರ್ಧಕ್ಕೆ ಬೀಳುತ್ತದೆ.

ಮಾರಮ್ಮನ ಗುಡಿಯ ಕಟ್ಟೆಯ ಮೇಲೆ ಒಂದು ಲೀಟರಿನ 54 ಬಾಟಲಿ ಎಣ್ಣೆ ಸಾಲಾಗಿ ಇಟ್ಟೆವು. ಇಳಿಬಿಸಿಲು ಬಿದ್ದು ಸಾಲು ಪೂರ್ತಿ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ‘ಗಾಣದ ಕರೆಂಟಿಗೆ’ ಎಂದು 7 ತೆಗೆದು ಆಚೆ ಇಟ್ಟ ಹುಡುಗ. ‘ಆಟೋಗೆ’ ಎಂದು 8. ‘ನಿಮ್ಮ ದುಡಿಮೆಗೆ’ ಎಂದು 6 ತೆಗೆದು ಅವರ ಕೈಗೇ ಕೊಟ್ಟ. ಉಳಿದದ್ದು 33. ಆಮೇಲೆ ಬಯೋಡೀಸೆಲ್ ಲೆಕ್ಕ. 54 ಇದ್ದದ್ದು 50 ಆಗುತ್ತದೆ, ಅದರಲ್ಲಿ 32 ಬಾಟಲಿಯಷ್ಟು ಶಕ್ತಿ ಹಿಂದಕ್ಕೆ ಹೋಗುತ್ತದೆ. ಕಟ್ಟೆಯ ಮೇಲೆ 18 ನಿಂತವು.

ಗಂಟೆಯ ಪ್ರಶ್ನೆ ಕೇಳಿದ್ದ ಅದೇ ಹಿರಿಯ ಹೆಂಗಸು ಎದ್ದು ಬಂದು, ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ‘ನಮ್ ಬೋರಿನ ಕಥೆನೇ ಇದು. ಮೊದ್ಲು ಇನ್ನೂರು ಅಡಿಗೆ ನೀರಿತ್ತು, ಈಗ ಆರ್ನೂರು. ಕೊಡ ಅದೇ ಕೊಡ, ಮೋಟ್ರು ಮಾತ್ರ ಮೂರು ಪಟ್ಟು ತಿಂತೈತೆ’ ಎಂದರು. ಸುಲಭಕ್ಕೆ ಸಿಗುವ ಎಣ್ಣೆ ಕಡಿಮೆಯಾಗುತ್ತಾ ಬಂದು ಮರಳಿಗಂಟಿದ ಎಣ್ಣೆಗೆ, ಬಂಡೆಯ ಎಣ್ಣೆಗೆ ಜಗತ್ತು ಕೈಹಾಕಿರುವುದನ್ನು ನಾನು ಮೂರು ತರಗತಿಗಳಲ್ಲಿ ವಿವರಿಸುತ್ತೇನೆ. ಅವರು ಒಂದೇ ಕೊಡದಲ್ಲಿ ತುಂಬಿಕೊಟ್ಟರು.

ಸಾಲದ ಕಾಗದಕ್ಕೆ ಸಹಿ ಬೀಳಲಿಲ್ಲ. ಘಟಕ ಬೇಡ, ಎಣ್ಣೆ ಬೇಕು ಎಂದು ತೀರ್ಮಾನವಾಯಿತು. ನಿಧಾನಗತಿಯ ಹಳೇ ಡೀಸೆಲ್ ಪಂಪ್‌ಸೆಟ್ ಎರಡು ಮನೆಗಳಲ್ಲಿದ್ದವು. ಹೊಂಗೆ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ಹಾಗಾಗಿ ಡೀಸೆಲ್‌ನಲ್ಲಿ ಶುರು ಮಾಡಿ, ಎಂಜಿನ್ ಕಾದ ಮೇಲೆ ಬಟ್ಟೆಯಲ್ಲಿ ಸೋಸಿದ ಎಣ್ಣೆಗೆ ಬದಲಿಸಿ, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್‌ಗೆ ಬರಬೇಕು. ಇಂಜೆಕ್ಟರ್ ಬಿಚ್ಚಿ ಮಸಿ ತೆಗೆಯುವುದನ್ನು ಹುಡುಗರು ಇಬ್ಬರು ಹೆಣ್ಣುಮಕ್ಕಳಿಗೆ ಕಲಿಸಿ ಬಂದರು.

ಆಟೋ ತಿಂದ 8 ಬಾಟಲಿಯ ಬಗ್ಗೆ ಅಧ್ಯಕ್ಷೆಯೇ ದಾರಿ ಕಂಡುಕೊಂಡರು. ಬೇಸಿಗೆ ಶೇಂಗಾ ಚಳ್ಳಕೆರೆಗೆ ಹೋಗುವ ದಿನ ಕಾದು, ಎರಡನೇ ಲೋಡಿನ ಬೀಜವನ್ನು ಅದೇ ಗಾಡಿಗೆ ಹೇರಿದರು. ಡೀಸೆಲ್ಲಿನ ಮೂರನೇ ಒಂದು ಪಾಲು ಮಾತ್ರ ಹೊಂಗೆಯ ಲೆಕ್ಕಕ್ಕೆ ಬಂತು. ಹಾಕಿದ್ದು 709 ಇದ್ದದ್ದು 521ಕ್ಕೆ ಇಳಿದು, ಹಿಂಡಿಯನ್ನು ಸೇರಿಸದೆಯೇ ಅನುಪಾತ 3.55 ಆಯಿತು. ಅವರ ಪುಸ್ತಕದಲ್ಲಿ ಅದು ಹೀಗಿದೆ: ‘ಎರಡನೇ ಸಲ. ಎಣ್ಣೆ 54. ಹೋದದ್ದು 15. ಉಳಿದದ್ದು 39.’